ಇಕಾಮಾದಲ್ಲಿ ದರ್ಜಿ

ಕುವೈತ್ ಸರ್ಕಾರದ ಕಣ್ಣಿನಲ್ಲಿ ನಾನು ದರ್ಜಿ. ಪಾಸ್‌ಪೋರ್ಟಿಗೆ ಅಂಟಿಸಿದ ಇಕಾಮಾದಲ್ಲಿ, ಎಂದರೆ ಇಲ್ಲಿ ವಾಸಿಸಲು ಕೊಡುವ ಪರವಾನಗಿಯಲ್ಲಿ, ಉದ್ಯೋಗ ಎಂಬಲ್ಲಿ ಅರಬ್ಬಿಯ ಒಂದು ಪದ ಇತ್ತು: ಖಯ್ಯಾತಾ. ಬಟ್ಟೆ ಹೊಲಿಯುವವಳು. ಗಂಡನ ಅಂಗಿಯ ಗುಂಡಿ ಕಿತ್ತುಬಂದರೆ ಕಟ್ಟಡದ ಕೆಳಗಿನ ಲಾಂಡ್ರಿಯವನ ಕೈಗೆ ಕೊಟ್ಟು ಬರುವವಳು ನಾನು. ಸೂಜಿ ಹಿಡಿದರೆ ಅದು ಮೊದಲು ಚುಚ್ಚುವುದು ನನ್ನ ಬೆರಳಿಗೇ. ಆದರೂ ಇಕಾಮಾ ನವೀಕರಣವಾದಾಗಲೆಲ್ಲ ಹೊಸ ಕಾಗದದ ಮೇಲೆ ಅದೇ ಹಳೆಯ ಪದ ಬಂದು ಕೂರುತ್ತಿತ್ತು.

ನಮ್ಮ ಮನೆಮಾತು ಕೊಂಕಣಿ. ಆದರೆ ಬರೆಯಲು ಕೂತರೆ ಕೈಗೆ ಬರುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಅದೇ. ಉಡುಪಿಯ ಕಡೆಯ ನಮ್ಮ ಊರಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆ ಇತ್ತು. ಹತ್ತನೇ ತರಗತಿ ಮುಗಿಸಿದ ನನ್ನಂಥ ಹುಡುಗಿಯರಿಗೆ ಅಲ್ಲಿ ರೋಗಿಗಳ ಆರೈಕೆ ಕಲಿಸುತ್ತಿದ್ದರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹುಣ್ಣಾಗದಂತೆ ನೋಡಿಕೊಳ್ಳುವುದು, ಚಮಚದಲ್ಲಿ ಗಂಜಿ ಕುಡಿಸುವುದು. ಅಲ್ಲಿ ಕಲಿತದ್ದಕ್ಕೆ ಮೇಟ್ರನ್ ಸಿಸ್ಟರ್ ತಾವೇ ಟೈಪು ಮಾಡಿ ಸಹಿ ಹಾಕಿದ ಒಂದು ಹಾಳೆ ಕೊಟ್ಟರು. ಕೆಲವು ವರ್ಷಗಳ ನಂತರ ಆಸ್ಪತ್ರೆಯೇ ಮುಚ್ಚಿತು, ಮೇಟ್ರನ್ ತೀರಿಕೊಂಡರು, ಹಾಳೆಗೆ ದಿಕ್ಕಿಲ್ಲದಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ, ಮದುವೆಗೆ ಮೊದಲೇ, ಒಬ್ಬರು ಏಜೆಂಟರ ಮೂಲಕ ನಾನು ಕುವೈತಿಗೆ ಬಂದೆ. ನನ್ನ ಕಫೀಲ್, ಎಂದರೆ ನನಗೆ ವೀಸಾ ಕೊಟ್ಟ ಕುವೈತಿ ಧಣಿ, ಒಂದು ಫಿಸಿಯೊಥೆರಪಿ ಕ್ಲಿನಿಕ್ಕನ್ನೂ ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯನ್ನೂ ಇಟ್ಟುಕೊಂಡಿದ್ದ. ಕೆಲಸ ಖಾಲಿ ಇದ್ದದ್ದು ಕ್ಲಿನಿಕ್ಕಿನಲ್ಲಿ, ವೀಸಾ ಖಾಲಿ ಇದ್ದದ್ದು ಅಂಗಡಿಯ ಹೆಸರಿನಲ್ಲಿ. "ಅದರಲ್ಲಿ ಎಂತ ಬರೆದಿದ್ರೆ ನಿನಗೆಂತ? ಅಲ್ಲಿ ಹೋದ ಮೇಲೆ ಎಲ್ಲ ಸರಿ ಮಾಡ್ಲಿಕ್ಕೆ ಆಗ್ತದೆ," ಎಂದಿದ್ದರು ಏಜೆಂಟರು. ನಾನು ಒಪ್ಪಿದೆ. ಇಪ್ಪತ್ತರ ಆಸುಪಾಸಿನಲ್ಲಿ ಒಂದು ಪದಕ್ಕೆ ಯಾರು ಹೆದರುತ್ತಾರೆ?

ಸರಿ ಮಾಡಲು ಆಗಲಿಲ್ಲ. ಕ್ಲಿನಿಕ್ಕಿನ ಹೆಸರಿಗೆ ಬದಲಾಯಿಸಿ ಎಂದು ಕೇಳಿದಾಗಲೆಲ್ಲ ಸರ್ಟಿಫಿಕೇಟ್ ತನ್ನಿ ಅಂದರು. ಮೇಟ್ರನ್ ಸಿಸ್ಟರ ಹಾಳೆ ತೋರಿಸಿದರೆ ಇದಕ್ಕೆ ಸರ್ಕಾರಿ ಸೀಲಿಲ್ಲ ಅಂದರು. ಸೀಲು ಹಾಕಿಸೋಣವೆಂದರೆ ಆ ಸಂಸ್ಥೆಯೇ ಇಲ್ಲ. ಕಾಗದ ಸಿಗಬೇಕಾದರೆ ಇನ್ನೊಂದು ಕಾಗದ ತೋರಿಸಬೇಕು, ಆ ಇನ್ನೊಂದಕ್ಕೆ ಮತ್ತೊಂದು. ಅಷ್ಟರಲ್ಲಿ ಮದುವೆಯಾಯಿತು, ರಿಗ್ಗೈಯಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದೆವು, ಮಗಳು ಹುಟ್ಟಿದಳು. ಇವರು ಒಂದು ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಇವರ ವೀಸಾಕ್ಕೆ ನಾನು ಬದಲಾದರೆ ದುಡಿಯುವ ಹಾಗಿಲ್ಲ, ಬದಲಾಗದಿದ್ದರೆ ದರ್ಜಿಯಾಗಿಯೇ ಇರಬೇಕು. ದರ್ಜಿಯಾಗಿಯೇ ಉಳಿದೆ.

ಅದರ ತಮಾಷೆಯನ್ನೂ ಹೇಳಬೇಕು. ಮಗಳು ಖೈತಾನಿನ ಶಾಲೆಯಲ್ಲಿ ಸಣ್ಣ ತರಗತಿಯಲ್ಲಿದ್ದಾಗ, ಶಾಲೆಯವರು ತಂದೆತಾಯಿಯ ಉದ್ಯೋಗವನ್ನು ನಮ್ಮ ಕಾಗದಪತ್ರ ನೋಡಿ ಬರೆದುಕೊಂಡರು. ವಾರ್ಷಿಕೋತ್ಸವ ಬಂದಾಗ ಟೀಚರ್ ಹೇಳಿ ಕಳಿಸಿದರು: ನಿಮ್ಮ ಮಮ್ಮಿ ಟೈಲರ್ ಅಲ್ಲವಾ, ಚಿಟ್ಟೆಗಳ ರೆಕ್ಕೆ ಹೊಲಿದು ಕೊಡಲಿ. ನಾನು ಟೈಲರ್ ಅಲ್ಲ ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ಹೇಳಿದರೆ ಮತ್ತೇನು ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಬಟ್ಟೆಯ ಗಂಟು ಹೊತ್ತು, ನಮ್ಮ ದೇಶದವರ ಅಂಗಡಿಗಳಿರುವ ಅಬ್ಬಾಸಿಯಾಕ್ಕೆ ಹೋದೆ. ಅಲ್ಲಿನ ಒಬ್ಬ ಲಖನೌ ಕಡೆಯ ದರ್ಜಿ ಭಾಯಿ ಚಂದದ ರೆಕ್ಕೆಗಳನ್ನು ಹೊಲಿದುಕೊಟ್ಟ. ನನ್ನ ಹೊಲಿಗೆಯನ್ನು ಇಡೀ ಶಾಲೆ ಹೊಗಳಿತು, ಮುಂದಿನ ವರ್ಷ ನವಿಲಿನ ಗರಿಗೂ ನನ್ನನ್ನೇ ಕೇಳಿದರು. "ಮಮ್ಮಿ, ಎವರಿವನ್ ಲವ್ಡ್ ಇಟ್," ಎಂದು ಮಗಳು ಹಿಗ್ಗಿದಳು. ನಾನು ಅವಳ ಜಡೆ ಹೆಣೆದೆ.

ಕ್ಲಿನಿಕ್ಕಿನಲ್ಲಿ ಆಗುತ್ತಿದ್ದುದು ಮಾತ್ರ ತಮಾಷೆಯಾಗಿರಲಿಲ್ಲ. ಅಲ್ಲಿ ಹಿಂದುಗಡೆಯ ದೊಡ್ಡ ಕೋಣೆಯಲ್ಲಿ ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದೆವು. ಮನೆಯವರು ಬೆಳಿಗ್ಗೆ ಬಿಟ್ಟು ಹೋಗುತ್ತಾರೆ, ಮಧ್ಯಾಹ್ನದ ಮೇಲೆ ಬಂದು ಕರೆದುಕೊಂಡು ಹೋಗುತ್ತಾರೆ. ಆ ಕೋಣೆ ನನ್ನದು. ಕೆಲಸ ನನಗೆ ಇಷ್ಟವಿತ್ತು, ಅದನ್ನು ಹೇಳಲು ನಾಚಿಕೆಯೇನಿಲ್ಲ. ಆದರೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರುಗಳು ಯಾವಾಗ ಬರುತ್ತಾರೆಂದು ಹೇಳಲಾಗದು. ಇಕಾಮಾದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಕೆಲಸ ಇರುವವರು ಸಿಕ್ಕಿಬಿದ್ದರೆ ಗಡಿಪಾರು, ಆಮೇಲೆ ಈ ದೇಶದ ಬಾಗಿಲು ಮುಚ್ಚಿದಂತೆ. ಅವರು ಒಳಗೆ ಬಂದರೆ ರಿಸೆಪ್ಷನ್ನಿನ ಮಲಯಾಳಿ ಹುಡುಗಿ ನನಗೆ ಕೇಳುವಂತೆ "ಚಾಯ್ ಬಂತಾ?" ಎಂದು ಕೂಗಬೇಕು. ನಾನು ಏಪ್ರನ್ ಬಿಚ್ಚಿ ಕಪಾಟಿಗೆ ತುರುಕಿ, ಬಾಗಿಲ ಹಿಂದೆ ನೇತುಹಾಕಿದ, ಮೈಪೂರ್ತಿ ಮುಚ್ಚುವ ಕಪ್ಪು ಅಬಾಯಾ ತೊಟ್ಟು, ಯಾವುದೋ ಮುದುಕಿಯ ಸಂಬಂಧಿಕಳ ಹಾಗೆ ಗೋಡೆಯ ಬದಿಯ ಕುರ್ಚಿಯಲ್ಲಿ ಕೂರಬೇಕು.

ಒಮ್ಮೆ ಹಾಗೆ ಕೂತಿದ್ದಾಗ ನನ್ನ ಒಬ್ಬ ಹಜ್ಜಾ, ಅಲ್ಲಿ ಮುದುಕಿಯರನ್ನೆಲ್ಲ ನಾವು ಹಾಗೆಯೇ ಕರೆಯುತ್ತಿದ್ದೆವು, ಶೌಚಕ್ಕೆ ಹೋಗಬೇಕೆಂದು ನನ್ನತ್ತ ಕೈ ಚಾಚಿದಳು. ನಡೆಯುವುದಕ್ಕೆ ನನ್ನ ಕೈ ಬೇಕು ಅವಳಿಗೆ. ಇನ್ಸ್‌ಪೆಕ್ಟರ್ ಎದುರಿಗೇ ನಿಂತಿದ್ದ. ನಾನು ಕಣ್ಣು ತಪ್ಪಿಸಿದೆ. ಅವಳು ಮತ್ತೆ ಕರೆದಳು, ಆಮೇಲೆ ಕರೆಯುವುದನ್ನು ನಿಲ್ಲಿಸಿದಳು. ಅವನು ಹೋದ ಮೇಲೆ ಅವಳ ಬಟ್ಟೆ ಬದಲಿಸುವಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ಸ್‌ಪೆಕ್ಟರನ ಮೇಲೆ, ಕಫೀಲನ ಮೇಲೆ, ಏಜೆಂಟರ ಮೇಲೆ, ಆ ಪದದ ಮೇಲೆ. ಅವಳು ನಾಚಿಕೊಂಡು ನನ್ನ ಮುಖ ನೋಡಲಿಲ್ಲ. ಇಲ್ಲಿಂದ ಹೊರಗೆ ಹೋಗಬೇಕು ಎಂದು ನಾನು ನಿಜವಾಗಿ ನಿಶ್ಚಯಿಸಿದ್ದು ಅವತ್ತು.

ಇನ್ನೂ ಒಂದು ಸಣ್ಣ ಸಂಕಟ ಇತ್ತು. ಕ್ಲಿನಿಕ್ಕಿನಲ್ಲಿ ಎಲ್ಲರ ಎದೆಯ ಮೇಲೂ ಹೆಸರಿನ ಬ್ಯಾಡ್ಜ್ ಇತ್ತು. ಈಜಿಪ್ಟಿನ ಫಿಸಿಯೊಥೆರಪಿಸ್ಟ್, ನಮ್ಮೆಲ್ಲರ ಮೇಲ್ವಿಚಾರಕ, ಅವನದು ಬಂಗಾರದ ಬಣ್ಣದ್ದು. ಕಸ ಗುಡಿಸುವವನಿಗೂ ಒಂದಿತ್ತು. ನನಗೆ ಇರಲಿಲ್ಲ, ಇರಬಾರದಿತ್ತು. ಎಲ್ಲರೂ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಎಷ್ಟೋ ಸಲ ಹಜ್ಜಾರ ಮನೆಯವರು ಹೆಸರು ಓದಲೆಂದು ನನ್ನ ಎದೆಯ ಕಡೆ ನೋಡಿ, ಅಲ್ಲಿ ಏನೂ ಇಲ್ಲದ್ದನ್ನು ಕಂಡು ದೃಷ್ಟಿ ತೆಗೆಯುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಫಿಲಿಪಿನೊ ಗೆಳತಿ ಕ್ಲಿನಿಕ್ ಬಿಟ್ಟು ಮಾಲ್ಟಾಕ್ಕೆ ಹೋದಳು. ಯುರೋಪಿನ ಕೆಳಗೆ ಸಮುದ್ರದಲ್ಲಿರುವ ಪುಟ್ಟ ದ್ವೀಪ, ಕೆಥೋಲಿಕರ ದೇಶ, ಅಲ್ಲಿನ ವೃದ್ಧಾಶ್ರಮಗಳಿಗೆ ಆರೈಕೆ ಮಾಡುವವರು ಬೇಕಾಗಿದ್ದಾರೆ ಎಂದು ಅಲ್ಲಿಂದ ಫೋನು ಮಾಡಿದಳು. ನೀನೂ ಬಾ, ಆದರೆ ಮೊದಲು ಬ್ಯಾಡ್ಜ್ ಮಾಡಿಕೋ ಅಂದಳು. ಬ್ಯಾಡ್ಜ್ ಎಂದರೆ ನನ್ನ ತಲೆಗೆ ಬಂದದ್ದು ಆ ಎದೆಯ ಮೇಲಿನದ್ದೇ. ಅಲ್ಲಿಗೆ ಸೇರಿದ ಮೇಲೆ ಅವರೇ ಕೊಡುತ್ತಾರಲ್ಲ, ಈಗಲೇ ಮಾಡಿಸಿದರೆ ಯಾವ ಆಶ್ರಮದ ಹೆಸರು ಹಾಕಿಸುವುದು ಎಂದು ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಇದು ಬೇರೆ ಬ್ಯಾಡ್ಜ್. ಕಂಪ್ಯೂಟರಿನಲ್ಲಿ ಕಾಣುವ ಒಂದು ಚಿತ್ರ, ಅಷ್ಟೆ. ಅದನ್ನು ಒತ್ತಿದರೆ ಒಳಗಿರುವುದು ತೆರೆದುಕೊಳ್ಳುತ್ತದೆ: ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು, ಯಾವ ಕೆಲಸ ಬರುತ್ತದೆಂದು ಕೊಟ್ಟದ್ದು, ಅದಕ್ಕೆ ಸಾಕ್ಷಿ ಏನು. ಯುರೋಪಿನ ಬೇರೆ ಬೇರೆ ದೇಶಗಳ ಕೆಲವು ಸಂಸ್ಥೆಗಳು ಸೇರಿ ಇದನ್ನು ನಡೆಸುತ್ತಿದ್ದವು. ಒಂದು ದೇಶದಲ್ಲಿ ಕಲಿತದ್ದನ್ನು ಇನ್ನೊಂದು ದೇಶ ನಂಬಬೇಕು ಎಂಬುದು ಅವರ ಆಸೆ. ಕಾಲೇಜಿಗೆ ಹೋಗದೆ ಕೆಲಸ ಮಾಡುತ್ತಲೇ ಕಲಿತವರು, ಮನೆಯಲ್ಲಿ ಅತ್ತೆಮಾವಂದಿರನ್ನು ನೋಡಿಕೊಂಡು ಕಲಿತವರು, ದೇಶ ಬಿಟ್ಟು ಓಡಿಬಂದು ಕಾಗದಪತ್ರ ಕಳಕೊಂಡವರು, ಇಂಥವರಿಗೂ ಸಿಗುವ ಹಾಗೆ ಮಾಡಿದ್ದರು. ಇಷ್ಟು ವರ್ಷ ಎಲ್ಲರೂ ನನ್ನನ್ನು ಕೇಳಿದ್ದು ನಿನ್ನ ಹತ್ತಿರ ಏನಿದೆ ಎಂದು. ಇವರು ನಿನಗೆ ಏನು ಬರುತ್ತದೆ ಎಂದು ಕೇಳುತ್ತಿದ್ದರು. ನನಗೆ ಅಳುವೇ ಬಂತು.

ಮಗಳು ಆಗ ಹೈಸ್ಕೂಲು. ಅವಳ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು ನೋಂದಾಯಿಸಿ, ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟಳು. ಕ್ಲಿನಿಕ್ಕಿನ ಮಧ್ಯಾಹ್ನದ ಬಿಡುವಿನಲ್ಲಿ ಹಜ್ಜಾಗಳು ತೂಕಡಿಸುವಾಗ ನಾನು ಫೋನಿನಲ್ಲಿ ಪಾಠ ಕೇಳುತ್ತಿದ್ದೆ. ಮೊದಲ ಬ್ಯಾಡ್ಜ್ ಮಲಗಿದವರನ್ನು ಎತ್ತುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ. ಎರಡನೆಯದು ನುಂಗಲು ಕಷ್ಟವಾದವರಿಗೆ ಊಟ ಮಾಡಿಸುವುದಕ್ಕೆ. ಮೇಟ್ರನ್ ಸಿಸ್ಟರ್ ಬೈದು ಕಲಿಸಿದ್ದನ್ನೇ ಇಲ್ಲಿ ನಯವಾಗಿ ಹೇಳುತ್ತಿದ್ದರು. ಪರೀಕ್ಷೆ ಮುಗಿಸಿದ ಮೇಲೆ ತೆರೆಯ ಮೇಲೆ ಒಂದು ಹಸಿರು ವೃತ್ತ ಬಂತು, ಒಳಗೆ ಎರಡು ಕೈಗಳ ಚಿತ್ರ, ಕೆಳಗೆ ನನ್ನ ಪೂರ್ತಿ ಹೆಸರು. ನಾನು ಅದನ್ನು ಒತ್ತಿ ಒತ್ತಿ ನೋಡಿದೆ.

ಇವರಿಗೆ ನಂಬಿಕೆ ಹುಟ್ಟಲಿಲ್ಲ. ಗಲ್ಫಿನಲ್ಲಿ ಇಷ್ಟು ವರ್ಷ ಬಾಳಿದವರಿಗೆ ಸೀಲು ಎಂದರೆ ದೇವರಿಗೆ ಸಮಾನ. ಸರ್ಟಿಫಿಕೇಟಿನ ಮುಂದೆ ಏನಿದೆ ಎಂದು ನೋಡುವುದಕ್ಕಿಂತ ಹಿಂದೆ ಎಷ್ಟು ಸೀಲು ಬಿದ್ದಿದೆ ಎಂದು ತಿರುವಿ ನೋಡುವ ಜನ ನಾವು.

"ಇದಕ್ಕೆ ಸೀಲ್ ಎಲ್ಲಿ ಉಂಟು ಮಾರಾಯ್ತಿ? ಬರೀ ಚಿತ್ರ ತೋರಿಸಿದ್ರೆ ಯಾರು ನಂಬ್ತಾರೆ?"

ಅದರ ಒಳಗೆ ಎಲ್ಲ ಇದೆ, ಒತ್ತಿದರೆ ಗೊತ್ತಾಗುತ್ತದೆ ಎಂದೆ. ಇವರು ಕೇಳಲಿಲ್ಲ. ಕಲರ್ ಪ್ರಿಂಟ್ ತೆಗೆಸಿ, ಕಾಗದಗಳಿಗೆ ಸೀಲು ಹಾಕಿಸಿಕೊಡುವ ಒಬ್ಬ ದಲ್ಲಾಳಿಯ ಬಳಿಗೆ ಒಯ್ದರು. ಅವನು ಒರಿಜಿನಲ್ ತನ್ನಿ ಎಂದನಂತೆ. ಒರಿಜಿನಲ್ ಇಂಟರ್‌ನೆಟ್ಟಿನಲ್ಲಿ ಉಂಟು ಎಂದು ಇವರು ಹೇಳಿದರಂತೆ. ಹಾಗಾದರೆ ಇಂಟರ್‌ನೆಟ್ಟನ್ನೇ ತನ್ನಿ ಭಾಯಿ, ಸೀಲು ಹಾಕಿಸಿಕೊಡುತ್ತೇನೆ ಎಂದು ಅವನು ಚಾಯ್ ಕುಡಿಸಿ ಕಳಿಸಿದ. ಇವರು ಮನೆಗೆ ಬಂದು ಆ ಪ್ರಿಂಟನ್ನು ಸಿಟ್ಟಿನಿಂದ ಫ್ರಿಜ್ಜಿನ ಮೇಲೆ ಎಸೆದರು. ಕಾಗದವನ್ನು ಎಷ್ಟು ಒತ್ತಿದರೂ ಏನೂ ತೆರೆದುಕೊಳ್ಳುವುದಿಲ್ಲ, ಅದು ನಿಜ.

ಮೂರನೆಯ ಬ್ಯಾಡ್ಜ್ ನನಗೆ ಮುಖ್ಯವಾಗಿತ್ತು. ಮರೆವು ಬಂದವರ ಜೊತೆ ಬಾಳುವುದು ಹೇಗೆ ಎಂಬ ಪಾಠ. ಮಾಲ್ಟಾದ ಆಶ್ರಮಗಳು ಕೇಳುವುದು ಇದನ್ನೇ ಎಂದು ಗೆಳತಿ ಹೇಳಿದ್ದಳು. ಮರೆತವರನ್ನು ತಿದ್ದಬೇಡಿ, ಅವರು ಇರುವ ಕಡೆಗೆ ನೀವು ಹೋಗಿ ಎಂಬುದು ಆ ಪಾಠದ ಸಾರ. ತಾಯಿ ಬಂದಳಾ ಎಂದು ಎಂಬತ್ತು ದಾಟಿದವಳು ಕೇಳಿದರೆ, ನಿನ್ನ ತಾಯಿ ಸತ್ತು ಎಷ್ಟೋ ಕಾಲವಾಯಿತು ಎನ್ನಬಾರದು. ತಾಯಿ ಯಾವ ಅಡುಗೆ ಮಾಡುತ್ತಿದ್ದಳು ಎಂದು ಕೇಳಬೇಕು. ಇದಕ್ಕೆ ಪರೀಕ್ಷೆ ಮಾತ್ರ ಸಾಲದು. ನೀವು ಈ ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರೊಬ್ಬರು ಅವರ ಪುಟಕ್ಕೆ ಹೋಗಿ ನಾಲ್ಕು ಸಾಲು ಬರೆಯಬೇಕು.

ಈಜಿಪ್ಟಿನ ಮೇಲ್ವಿಚಾರಕನನ್ನು ಕೇಳಿದೆ. ಒಳ್ಳೆಯ ಮನುಷ್ಯ, ನನ್ನ ಕೆಲಸ ಅವನಿಗೆ ಗೊತ್ತು. ಬಾಗಿಲು ಮುಚ್ಚಿ ಬಂದು ಕೂತ.

"ನೀನು ಇಲ್ಲಿ ಕೆಲಸ ಮಾಡ್ತೀ ಅಂತ ನಾನು ಇಂಟರ್‌ನೆಟ್ಟಿನಲ್ಲಿ ಬರೆದರೆ ಖಲಾಸ್. ನೀನೂ ಖಲಾಸ್, ನಾನೂ ಖಲಾಸ್."

ಅವನು ಹೇಳಿದ್ದು ಸರಿಯೇ. ಯಾರು ಬೇಕಾದರೂ ತೆರೆದು ನೋಡಬಹುದು ಎಂಬುದೇ ಆ ಬ್ಯಾಡ್ಜಿನ ಹೆಮ್ಮೆ. ಯಾರೂ ನೋಡದಿರಲಿ ಎಂಬುದೇ ನನ್ನ ಬದುಕು. ನನ್ನ ಕೆಲಸ ಸಾಬೀತಾದರೆ ನಾನು ಅಪರಾಧಿ, ಸಾಬೀತಾಗದಿದ್ದರೆ ಎಲ್ಲಿಗೂ ಹೋಗುವ ಹಾಗಿಲ್ಲ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ, ಈ ಊರಿನ ರಿಂಗ್ ರೋಡುಗಳು ಸುತ್ತಿ ಸುತ್ತಿ ಮತ್ತೆ ರಿಗ್ಗೈಗೇ ತಂದು ಬಿಡುತ್ತವೆ ಎನಿಸಿತು.

ದಾರಿ ತೋರಿಸಿದ್ದು ಶೌಚಕ್ಕೆ ಕರೆದ ಆ ಹಜ್ಜಾಳ ಮಗಳು. ಕಾಲೇಜಿನಲ್ಲಿ ಪಾಠ ಹೇಳುವ ಕುವೈತಿ ಹೆಂಗಸು. ಆ ಹೊತ್ತಿಗೆ ಹಜ್ಜಾಳಿಗೆ ಮರೆವು ಪೂರ್ತಿ ಆವರಿಸಿತ್ತು. ನಾನು ಫೋನಿನಲ್ಲಿ ಪಾಠ ಕೇಳುವುದನ್ನು ಈ ಹೆಂಗಸು ನೋಡಿದ್ದಳು. ಏನು ಕಲಿಯುತ್ತೀ ಎಂದು ಕೇಳಿದಳು, ಹೇಳಿದೆ. ಸಾಕ್ಷಿ ಬೇಕೆಂಬುದನ್ನೂ ಹೇಳಿದೆ. ಆರೈಕೆ ಪಡೆದವರ ಮನೆಯವರೂ ಬರೆಯಬಹುದು ಎಂದು ಆ ಪುಟದಲ್ಲಿ ಇತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂತು ಫೋನು ತೆಗೆದುಕೊಂಡಳು.

"ನಿನ್ನ ಪೂರ್ತಿ ಹೆಸರು ಏನು?"

ಆ ಕ್ಲಿನಿಕ್ಕಿನಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಕ್ಲಿನಿಕ್ಕಿನ ಹೆಸರು ಬರೆಯಬೇಡಿ ಎಂದು ಬೇಡಿಕೊಂಡೆ, ಅವಳಿಗೆ ಅರ್ಥವಾಯಿತು. ನನ್ನ ತಾಯಿ ನನ್ನ ಕೈಯಿಂದ ಊಟ ಮಾಡುವುದಿಲ್ಲ, ಈ ಹೆಂಗಸಿನ ಕೈಯಿಂದ ಮಾಡುತ್ತಾಳೆ ಎಂದು ಶುರು ಮಾಡಿ ಕೆಲವು ಸಾಲು ಬರೆದಳು. ಮುಂದಿನ ವಾರವೇ ಮೂರನೆಯ ಬ್ಯಾಡ್ಜ್ ಬಂತು. ಲಿಂಕ್ ಕೊಟ್ಟವರಿಗೆ ಮಾತ್ರ ಕಾಣುವಂತೆ ಬೀಗ ಹಾಕುವ ಏರ್ಪಾಡು ಆ ಪುಟದಲ್ಲಿತ್ತು, ನನ್ನ ಮಗಳ ಕೈಯಲ್ಲಿ ಅದನ್ನು ಹಾಕಿಸಿ, ಬಿದ್ದಿದೆಯೇ ಎಂದು ನಾನು ಮತ್ತೆ ಮತ್ತೆ ನೋಡಿದೆ. ಆ ಶುಕ್ರವಾರ ಚರ್ಚಿನ ಪೂಜೆಯಲ್ಲಿ, ಕುವೈತಿನಲ್ಲಿ ನಮಗೆ ಶುಕ್ರವಾರವೇ ಭಾನುವಾರ, ಕಣ್ಣು ಮುಚ್ಚಿದರೂ ಆ ಹಸಿರು ವೃತ್ತವೇ ಕಾಣುತ್ತಿತ್ತು.

ಲಿಂಕುಗಳನ್ನು ಗೆಳತಿಗೆ ಕಳಿಸಿದೆ. ಸಂನ್ಯಾಸಿನಿಯರು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಅವಳು ಮಾತಾಡಿದಳು, ಅವರು ವಿಡಿಯೊ ಕರೆಯಲ್ಲಿ ಸಂದರ್ಶನ ಮಾಡುತ್ತೇವೆ ಎಂದರು. ಗೆಳತಿ ಧೈರ್ಯ ತುಂಬಿದಳು. ಇಂಗ್ಲಿಷ್ ಸಾಕು, ಅವರ ಭಾಷೆಯನ್ನು ಬಂದ ಮೇಲೆ ಕಲಿ, ನಿನಗೇನೂ ಕಷ್ಟವಾಗದು, ಅರ್ಧಕ್ಕರ್ಧ ಅರಬ್ಬಿಯೇ ಅಂದಳು. ಇಲ್ಲಿ ನಾವು ತಿನ್ನುವ ರೊಟ್ಟಿ ಖುಬುಸ್, ಅಲ್ಲಿ ಬ್ರೆಡ್ಡಿಗೆ ಹೊಬ್ಸ್ ಎನ್ನುತ್ತಾರಂತೆ. ಖ ತೆಗೆದು ಹ ಹಾಕಿಕೊಂಡಿದ್ದಾರೆ, ಅಷ್ಟೆ. ನಮ್ಮ ಮನೆಯಲ್ಲಿ ಅದು ದೊಡ್ಡ ಆಟವಾಯಿತು. ಊಟಕ್ಕೆ ಕೂತಾಗಲೆಲ್ಲ ಇವರು "ಸ್ವಲ್ಪ ಹೊಬ್ಸ್ ಕೊಡು" ಎನ್ನುವರು, ಮಗಳು ಬಿದ್ದು ಬಿದ್ದು ನಗುವಳು. ಸೀಲಿಲ್ಲದ ಚಿತ್ರದ ಮೇಲೆ ಇವರಿಗೂ ಸ್ವಲ್ಪ ಆಸೆ ಹುಟ್ಟಿತ್ತು.

ಸಂದರ್ಶನ ಒಂದು ಶುಕ್ರವಾರ ಮಧ್ಯಾಹ್ನ. ಏಸಿಯ ಸದ್ದು ಕೇಳಬಾರದೆಂದು ಅದನ್ನು ಆರಿಸಿದೆವು. ಬೇಸಿಗೆಯಲ್ಲಿ ಕುವೈತಿನ ಕೋಣೆಯೊಂದರಲ್ಲಿ ಏಸಿ ಆರಿಸಿ ಕೂರುವುದೆಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಗಳು ಹೊರಗೆ ಹೋದಳು. ಬಾಗಿಲಾಚೆ ಇವರು ನಿಂತಿದ್ದಾರೆಂದು ಅವರ ಚಪ್ಪಲಿಯ ಸದ್ದಿನಿಂದ ತಿಳಿಯುತ್ತಿತ್ತು.

ತೆರೆಯ ಮೇಲೆ ಬಂದವರು ನನ್ನದೇ ವಯಸ್ಸಿನ, ದುಂಡು ಮುಖದ ಹೆಂಗಸು, ಆಶ್ರಮದ ವ್ಯವಸ್ಥಾಪಕಿ. ನನ್ನ ಬ್ಯಾಡ್ಜುಗಳನ್ನು ಒಂದೊಂದಾಗಿ ಒತ್ತಿ ತೆರೆದಿದ್ದರು. ಹಜ್ಜಾಳ ಮಗಳು ಬರೆದದ್ದನ್ನು ಗಟ್ಟಿಯಾಗಿ ಓದಿದರು, ಓದುವಾಗ ಅವರ ದನಿ ಮೆದುವಾಯಿತು. ಮನೆಗೆ ಹೋಗಬೇಕೆಂದು ಸಂಜೆಯಾದರೆ ಹಟ ಹಿಡಿಯುವವರನ್ನು ಏನು ಮಾಡುತ್ತೀ ಎಂದು ಕೇಳಿದರು. ಅವರ ಚಪ್ಪಲಿ ಹಾಕಿಸಿ ಕಾರಿಡಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿ, ಸುಸ್ತಾಯಿತಲ್ಲ, ಇಲ್ಲೇ ಸ್ವಲ್ಪ ಕೂರೋಣ ಎನ್ನುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನಮ್ಮಲ್ಲೂ ಒಬ್ಬರು ಹಾಗೇ ಎಂದರು. ನನಗೆ ಕೆಲಸ ಸಿಕ್ಕಿತು ಎಂದೇ ಅಂದುಕೊಂಡೆ.

ಆಮೇಲೆ ವೀಸಾದ ಅರ್ಜಿಗೆ ಬೇಕಾದ ಕಾಗದಗಳ ಮಾತು. ನನ್ನ ಇಕಾಮಾದ ಪ್ರತಿಯನ್ನು ಮೊದಲೇ ಕಳಿಸಿದ್ದೆ. ಅದನ್ನು ಕ್ಯಾಮೆರಾದ ಹತ್ತಿರ ಹಿಡಿದರು. ಈ ಲಿಪಿ ನನಗೆ ಓದಲು ಬಾರದು, ಉದ್ಯೋಗದ ಜಾಗದಲ್ಲಿ ಏನಿದೆ ಎಂದು ಕೇಳಿದರು.

ಕೇಳಿದರೆ ಜನರಲ್ ಹೆಲ್ಪರ್ ಎನ್ನು ಎಂದು ಇವರು ಹೇಳಿಕೊಟ್ಟಿದ್ದರು. ನನ್ನ ನಾಲಿಗೆಗೆ ಸುಳ್ಳು ಸಲೀಸಾಗಿ ಬರುವುದಿಲ್ಲ, ಒಳ್ಳೆಯತನದಿಂದಲ್ಲ, ಅಭ್ಯಾಸವಿಲ್ಲ. ನನಗೆ ಬೇರೊಂದು ಉಪಾಯ ಹೊಳೆಯಿತು. ಇರುವ ಪದವನ್ನೇ ಹೇಳಿಬಿಡುತ್ತೇನೆ, ಯುರೋಪಿನಲ್ಲಿ ಅರಬ್ಬಿ ಯಾರಿಗೆ ತಿಳಿಯುತ್ತದೆ? ಹಾಗೆಂದರೆ ಏನು ಎಂದು ಕೇಳಿದರೆ ಒಂದು ಥರದ ಸಹಾಯಕಿ ಎಂದರಾಯಿತು.

"ಖಯ್ಯಾತಾ," ಎಂದೆ.

ಅವರು ಕಾಗದವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಹಯ್ಯಾತಾ?" ಎಂದರು. "ನನ್ನ ತಾಯಿ ಹಯ್ಯಾತಾ ಆಗಿದ್ದರು. ಹಳ್ಳಿಯ ಮದುವೆ ಬಟ್ಟೆಗಳನ್ನೆಲ್ಲ ಅವರೇ ಹೊಲಿಯುತ್ತಿದ್ದದ್ದು."

ಖುಬುಸ್, ಹೊಬ್ಸ್. ಖಯ್ಯಾತಾ, ಹಯ್ಯಾತಾ. ಎಷ್ಟು ದಿನ ನಕ್ಕಿದ್ದೆವು ನಾವು ಅದಕ್ಕೆ. ಲೋಕದಲ್ಲಿ ಇಷ್ಟೊಂದು ದೇಶಗಳಿರುವಾಗ, ಆ ಒಂದು ಪದ ಮನೆಮಾತಾಗಿರುವ ಯುರೋಪಿನ ಒಂದೇ ದ್ವೀಪವನ್ನು ನಾನು ಹುಡುಕಿ ಹಿಡಿದಿದ್ದೆ.

ಅವರು ಗದರಲಿಲ್ಲ. ನಿಧಾನವಾಗಿ ಕೇಳಿದರು, ನಾನೂ ಎಲ್ಲವನ್ನೂ ಹೇಳಿದೆ. ಏಜೆಂಟರನ್ನು, ಅಂಗಡಿಯನ್ನು, ಅಬಾಯಾವನ್ನು. ಅವರು ಪೂರ್ತಿ ಕೇಳಿಸಿಕೊಂಡರು.

"ನಿನ್ನ ಬ್ಯಾಡ್ಜನ್ನು ನಾನು ನಂಬುತ್ತೇನೆ. ಆದರೆ ವೀಸಾ ಕೊಡುವವರ ಮೇಜಿನ ಮೇಲೆ ಇಬ್ಬರು ಹೆಂಗಸರು ಕಾಣುತ್ತಾರೆ, ಒಬ್ಬಳು ಹೊಲಿಯುವವಳು, ಒಬ್ಬಳು ಆರೈಕೆ ಮಾಡುವವಳು. ನಾನು ಒಬ್ಬಳಿಗೆ ಮಾತ್ರ ಅರ್ಜಿ ಹಾಕಲು ಸಾಧ್ಯ."

ಸರ್ಕಾರದ ಕಾಗದದಲ್ಲಿ ಆರೈಕೆಯ ಕೆಲಸ ಎಂದು ಬಂದ ದಿನ ನನಗೆ ತಿಳಿಸು, ನಿನ್ನ ಲಿಂಕನ್ನು ಇಟ್ಟುಕೊಂಡಿರುತ್ತೇನೆ ಎಂದರು. ಆ ದಿನ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಿತ್ತು. ಥ್ಯಾಂಕ್ಯೂ ಎಂದು ಕರೆ ಮುಗಿಸಿದೆ. ಇವರು ಒಳಗೆ ಬಂದು ಎಂತ ಆಯ್ತು ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಏಸಿ ಹಾಕಿದರು, ನೀರು ತಂದುಕೊಟ್ಟರು. "ಒಂದು ಶಬ್ದ ಮಾರಾಯ್ತಿ," ಎಂದು ಮಂಚದ ತುದಿಯಲ್ಲಿ ಕೂತುಬಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಹೊಬ್ಸ್ ಎಂದು ನಗೆಯಾಡಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದೆ. ಅತ್ತು ಅತ್ತು ಕಣ್ಣು ಊದಿತ್ತು. ಧೂಳು ಎಂದು ಹೇಳಿದರೆ ಕುವೈತಿನಲ್ಲಿ ಎಲ್ಲರೂ ನಂಬುತ್ತಾರೆ, ಅದೊಂದು ಅನುಕೂಲ. ಹಜ್ಜಾ ತನ್ನ ಕುರ್ಚಿಯಲ್ಲಿ ಕೂತಿದ್ದಳು. ದಿನವೂ ಬೆಳಿಗ್ಗೆ ಅವಳು ನನ್ನನ್ನು ಹೊಸದಾಗಿ ನೋಡುತ್ತಾಳೆ, ದಿನವೂ ಅದೇ ಪ್ರಶ್ನೆ ಕೇಳುತ್ತಾಳೆ.

"ಇಂತಿ ಮನೂ?" ನೀನು ಯಾರು?

ಪಾಠದಲ್ಲಿ ಕಲಿತ ಹಾಗೆ, ನಾನು ಯಾರಿರಬಹುದು ಹೇಳು ನೋಡೋಣ ಎಂದು ನಾನು ನಗುತ್ತಿದ್ದೆ. ಅವಳು ತಂಗಿ ಎಂದರೆ ಅವತ್ತು ತಂಗಿ, ನೆರೆಮನೆಯವಳು ಎಂದರೆ ನೆರೆಮನೆಯವಳು. ಅವತ್ತು ನನಗೆ ನಗಲಾಗಲಿಲ್ಲ. ಎದೆಯ ಮೇಲೆ ಹೆಸರಿಲ್ಲ, ಇರುವ ಹೆಸರು ಬೀಗ ಹಾಕಿದ ಒಂದು ಪುಟದಲ್ಲಿದೆ. ಹಠಕ್ಕೋ ಬೇಸರಕ್ಕೋ ಬಾಯಿಂದ ಆ ಪದವೇ ಬಂತು.

"ಖಯ್ಯಾತಾ."

ಹಜ್ಜಾಳ ಮುಖ ಅರಳಿತು. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಅರಬ್ಬಿಯಲ್ಲಿ ಗದರಿಸಿ, ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಅಂಗಿಯ ತೋಳಿನ ತುದಿಯಲ್ಲಿ ಒಂದು ಗುಂಡಿ ಒಂದೇ ಎಳೆ ದಾರದಲ್ಲಿ ತೂಗಾಡುತ್ತಿತ್ತು. ಹೊಲಿ ಅಂದಳು.

ಮರೆತವರನ್ನು ತಿದ್ದಬಾರದು. ರಿಸೆಪ್ಷನ್ನಿನ ಹುಡುಗಿಯ ಬಳಿ ಸೂಜಿದಾರ ಇಸಿದುಕೊಂಡು ಬಂದೆ. ದಾರ ಪೋಣಿಸುವಷ್ಟರಲ್ಲಿ ಸಾಕುಬೇಕಾಯಿತು. ಅವಳ ಮುಂದೆ ನೆಲದ ಮೇಲೆ ಕೂತು, ಅವಳ ಕೈಗೆ ತಾಗದ ಹಾಗೆ ತೋಳನ್ನು ಎಳೆದು ಹಿಡಿದು ಹೊಲಿದೆ. ನನ್ನ ಬೆರಳಿಗೆ ಚುಚ್ಚಿತು, ಅವಳಿಗೆ ಚುಚ್ಚಲಿಲ್ಲ. ಗುಂಡಿಯ ಮೇಲೆ ಅವಳು ಹೆಬ್ಬೆರಳು ಆಡಿಸಿ ನೋಡಿ, ಸಡಿಲವಾಯಿತು, ಇನ್ನೊಮ್ಮೆ ಎಂದಳು. ಬಿಚ್ಚಿ ಇನ್ನೊಮ್ಮೆ ಹೊಲಿದೆ. ಕಣ್ಣಲ್ಲಿ ನೀರು ತುಂಬಿ ಸೂಜಿ ಸರಿಯಾಗಿ ಕಾಣುತ್ತಿರಲಿಲ್ಲ. ಕುವೈತಿಗೆ ಬಂದ ಮೇಲೆ ಇಕಾಮಾದಲ್ಲಿ ಬರೆದ ಕೆಲಸವನ್ನು ನಾನು ಮಾಡಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಇನ್ಸ್‌ಪೆಕ್ಟರ್ ಬಂದಿದ್ದರೆ ನಾನು ಎದ್ದು ಅಬಾಯಾ ಹಾಕಿಕೊಳ್ಳಬೇಕಾಗಿರಲಿಲ್ಲ.